ಸತ್ತೆವ್ವ ಕರೆದ ನೀರು

ಬೆಳಗ್ಗೆ ಮೊದಲ ಕೊಡ ಮನೆಗೆ ಬಂದ ಕೂಡಲೇ ಸತ್ತೆವ್ವ ಅದರಿಂದ ಒಂದು ತಂಬಿಗೆ ನೀರು ತುಂಬಿ, ಪಕ್ಕದ ಖೋಲಿಯಲ್ಲಿರುವ ಮೈದುನ ವಿಠೋಬಾನ ಹೊಸ್ತಿಲ ಮೇಲೆ ಇಡುತ್ತಾಳೆ. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ. ವಿಠೋಬಾ ಕೋಲೂರಿಕೊಂಡು ಹೊರಗೆ ಬರುತ್ತಾನೆ. ನೀರನ್ನು ಬೇವಿನ ಬುಡಕ್ಕೆ ಸುರಿದು, ಖಾಲಿ ತಂಬಿಗೆಯನ್ನು ಅಲ್ಲಿಯೇ ಇಟ್ಟು ಒಳಗೆ ಹೋಗುತ್ತಾನೆ. ತನ್ನ ರೊಟ್ಟಿ ತಾನೇ ಬಡಿದುಕೊಳ್ಳುತ್ತಾನೆ. ಕಲ್ಕತ್ತೆಯಿಂದ ಬಂದಾಗಿನಿಂದ ಅತ್ತಿಗೆಯ ಕೈನೀರು ಕುಡಿದಿಲ್ಲ. ಬೇವು ಮಾತ್ರ ಆಳೆತ್ತರ ಮೀರಿ ಬೆಳೆದಿದೆ.

ಪಾಲಬಾವಿಯ ಇವರ ಮನೆತನ ಬಾವಿ ತೋಡುವುದರಲ್ಲಿ ಹೆಸರಾದದ್ದು. ಎಂಬತ್ತರ ದಶಕದ ಮೊದಲಲ್ಲಿ ಮುಕಾದಮನೊಬ್ಬ ಊರಿಗೆ ಬಂದು ಕೂಲಿಗಳನ್ನು ಕೂಡಿಸಿದ.

"ಕಲ್ಕತ್ತಾದಾಗ ನೆಲದ ಬುಡಕ ರೈಲ ಮಾಡಾಕತ್ತಾರ. ನಿಮಗೇನ, ಅದೂ ಒಂದ ಉದ್ದನ ಬಾವಿ ಅಂತ ತಿಳಕೋರಿ" ಎಂದ.

ಸತ್ತೆವ್ವನ ಗಂಡ ಭೀಮಸಿ ನಕ್ಕ. "ಬಾವ್ಯಾಗ ರೈಲ ಬಿಟ್ರ ಮ್ಯಾಲ ಹೆಂಗ ತರ್ತೀರಿ? ಹಗ್ಗಾ ಕಟ್ಟಿ ಜಗ್ಗತೀರೇನ್ರಿ?"

ನಕ್ಕವನೇ ಹೆಂಡತಿಯನ್ನೂ ತಮ್ಮನನ್ನೂ ಕರೆದುಕೊಂಡು ರಾಯಬಾಗದಲ್ಲಿ ರೈಲು ಹತ್ತಿದ.

ನಗರದ ಅಂಚಿನ ಬಡಾವಣೆಯೊಂದರಲ್ಲಿ ಆ ರೈಲಿನ ಒಂದು ನಿಲ್ದಾಣ ಏಳಬೇಕಿತ್ತು, ಏಳುವುದೇನು, ಇಳಿಯಬೇಕಿತ್ತು. ದೊಡ್ಡ ರಸ್ತೆಯನ್ನೇ ಬಗೆದು, ಎರಡೂ ಕಡೆ ಗೋಡೆ ಇಳಿಸಿ, ನಡುವಿನ ಮಣ್ಣು ತೆಗೆಯುತ್ತಿದ್ದರು. ಜಿಗುಟು ಮಣ್ಣು ಬುಟ್ಟಿ ಬಿಟ್ಟು ಬೀಳುತ್ತಿರಲಿಲ್ಲ, ಬೆರಳಿನಿಂದ ಕೆರೆಯಬೇಕು. ರಸ್ತೆ ಕಳೆದುಕೊಂಡ ಅಂಗಡಿಯವರು ಹಲಗೆಗಳ ಮೇಲೆ ಓಡಾಡುತ್ತ ಬೈಯುತ್ತಿದ್ದರು. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯುತ್ತಿತ್ತು. ಎರಡು ಮಳೆಗಾಲ ಹೀಗೇ ಹೋದವು.

ನಮ್ಮ ಕಡೆ ಬಾವಿಯ ತಳ ಬಂದಾಗ ತೋಡುವವರ ಮನೆಯ ಹೆಣ್ಣುಮಗಳು ಕೆಳಗಿಳಿದು ಗಂಗವ್ವನಿಗೆ ಉಡಿ ತುಂಬುತ್ತಾಳೆ. ಕುಬಸದ ಬಟ್ಟೆ, ಕಾಯಿ ಇಟ್ಟು "ಬಾರವ್ವಾ ತಾಯಿ" ಎಂದು ನೀರನ್ನು ಕರೆಯುತ್ತಾಳೆ. ನಿಲ್ದಾಣದ ತಳ ಬಂತೆಂದು ಸಾಹೇಬರು ಹೇಳಿದ ದಿನ ಸತ್ತೆವ್ವನೂ ಹಾಗೇ ಮಾಡಿದಳು. ಅಲ್ಲಿ ಯಾರಿಗೂ ನೀರು ಬೇಕಿರಲಿಲ್ಲ. ಬಂದ ನೀರನ್ನು ಪಂಪು ಹಚ್ಚಿ ಹೊರಗೆ ಹಾಕುತ್ತಿದ್ದರು. ಕಾಯಿ ಇಡುವಾಗ ಕಣ್ಣ ಮುಂದಿನ ಆ ಪಂಪು ಅವಳಿಗೆ ಕಾಣಲಿಲ್ಲ. ತಳ ಬಂದಾಗ ಬೇಡಿಕೊಳ್ಳಲು ಅವಳಿಗೆ ಗೊತ್ತಿದ್ದ ಮಾತು ಅದೊಂದೇ.

ಮರುದಿನ ಮಧ್ಯಾಹ್ನ ತಳ ಉಬ್ಬಿ ಕೆಸರುನೀರು ನುಗ್ಗಿತು. ಗೋಡೆಗೆ ಆನಿಸಿದ್ದ ಕಬ್ಬಿಣದ ತೊಲೆ ಜಾರಿ ವಿಠೋಬಾನ ಕಾಲ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಎಚ್ಚರವಾದಾಗ ಅವನು ಅತ್ತಿಗೆಯನ್ನೇ ನೋಡಿದ.

"ವೈನಿ, ನೀ ಕರದಿ, ಆಕಿ ಬಂದ್ಲು."

ಅವಳೊಂದಿಗೆ ಅವನಾಡಿದ ಕೊನೆಯ ಮಾತು ಅದು.

ಮೂವರೂ ಊರಿಗೆ ಮರಳಿದರು. ನಿಲ್ದಾಣವನ್ನು ಬೇರೆಯವರು ಮುಗಿಸಿದರು. ಊರಿನಲ್ಲಿ ಇನ್ನೊಂದು ಕಾಟ ಶುರುವಾಯಿತು. "ಕಲ್ಕತ್ತಾದಾಗೂ ನೀರ ತರಿಸ್ಯಾಳ" ಎಂದು ಬಾವಿ ತೋಡಿಸುವವರೆಲ್ಲ ಉಡಿ ತುಂಬಲು ಸತ್ತೆವ್ವನನ್ನೇ ಕರೆಯತೊಡಗಿದರು. ಅವಳು ಒಬ್ಬರ ಬಾವಿಗೂ ಇಳಿಯಲಿಲ್ಲ. ಅವಳಿಗೆ ಬೇಕಾದದ್ದು ಒಂದೇ: ವಿಠೋಬಾ ಒಮ್ಮೆ ಆ ತಂಬಿಗೆಯನ್ನು ತುಟಿಗೆ ಹಚ್ಚಬೇಕು. ಭೀಮಸಿ ತೀರಿಕೊಂಡ ಮರುದಿನವೂ ಅವಳು ತಂಬಿಗೆ ಇಟ್ಟಳು. ಅಂದೂ ಅದು ಬೇವಿಗೇ ಹೋಯಿತು.

ನೆರೆಮನೆಯ ಸುಂದರಾಳ ಮಗ ರಾಜಾರಾಮ ಮೀರಜದಲ್ಲಿ ರೈಲ್ವೆ ನೌಕರ. ತೊಂಬತ್ತರ ದಶಕದ ನಡುವೆ ಇಲಾಖೆಯ ಕೆಲಸಕ್ಕೆ ಕಲ್ಕತ್ತೆಗೆ ಹೋಗಿದ್ದವನು ಆ ನಿಲ್ದಾಣವನ್ನು ಹುಡುಕಿ ಇಳಿದು ನೋಡಿ ಬಂದ.

"ಚಿಗವ್ವಾ, ಕೆಳಗ ಹಗಲಿನಂಗ ಬೆಳಕ ಐತಿ. ಆದ್ರ ಒಂದ ಗ್ವಾಡಿ ಇನ್ನೂ ಜಿನಗತೈತಿ. ಮ್ಯಾಲ ಚಾ ಮಾರೂ ಮುದಕನ್ನ ಕೇಳಿದೆ. ಅಲ್ಲಿ ಮೊದಲ ಕೆರಿ ಇತ್ತಂತ, ಮುಚ್ಚಿ ರಸ್ತೆ ಮಾಡ್ಯಾರಂತ. ನೀ ಉಡಿ ತುಂಬಿದ್ರೂ ಅಷ್ಟ, ಬಿಟ್ರೂ ಅಷ್ಟ, ನೀರ ಬರೂದ ಇತ್ತು."

ಸತ್ತೆವ್ವ ಗೋಡೆಗೆ ಒರಗಿ ಕುಳಿತಳು.

"ಈಗ ಹೋಗಿ ವಿಠೋಬಾ ಕಾಕಾಗ ಹೇಳ್ತೇನಿ" ಎಂದು ರಾಜಾರಾಮ ಎದ್ದ. "ನನ್ನ ಮಾತ ಕೇಳ್ತಾನ."

"ಬ್ಯಾಡಪ್ಪಾ."

"ಯಾಕ? ಇಷ್ಟ ವರ್ಷ ನೀರ ಇಟ್ಟ ಸಾಕಾಗಿಲ್ಲೇನ ನಿನಗ?"

"ಸಾಕಾಗೇತಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಕೆರಿ ಇದ್ದದ್ದ ಖರೆ ಇರಬಹುದು. ನಾ ಕರದದ್ದೂ ಖರೆ. ಅಂವಂದ ಕಾಲಂತೂ ತಿರಗಿ ಬರಂಗಿಲ್ಲ. ನನ್ನ ಮ್ಯಾಲಿನ ಸಿಟ್ಟೂ ಹೋದ್ರ ಯಾರ ಮ್ಯಾಲ ಸಿಟ್ಟ ಆಗಬೇಕ ಅಂವಾ? ಮುಚ್ಚಿದ ಕೆರಿ ಮ್ಯಾಲೇನ? ನೀ ಏನೂ ಹೇಳಬ್ಯಾಡ. ಕುಂದರ, ಚಾ ಕುಡದ ಹೋಗ."