ಬಾವ ಕಟ್ಟಿದ ಪಟ್ಟಿ

ಮನುಷ್ಯನ ಮರ್ಯಾದೆ ಅವನ ನಡತೆಯಲ್ಲಿದೆ ಎಂದು ಹಿರಿಯರು ಹೇಳಿದ್ದಾರೆ. ನನ್ನದು ಬೆನ್ನುಮೂಳೆಯ ತುದಿಯಲ್ಲಿ, ಕುಂಡೆಯ ಸೀಳು ಶುರುವಾಗುವ ಜಾಗದಲ್ಲಿತ್ತು. ಅಲ್ಲಿ ಕೀವು ಕಟ್ಟಿತು.

ಮರಳವಾಡಿ ಸುತ್ತಿನ ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸುವ ಗೂಡ್ಸ್ ಆಟೋ ನನ್ನದು. ದಿನವಿಡೀ ಕೂತೇ ಇರುವ ಕೆಲಸ. ಮೊದಲು ಅಲ್ಲೊಂದು ಕಡಲೆಕಾಳಿನಷ್ಟು ಗಂಟು ಎದ್ದಿತು. ಆಮೇಲೆ ಊದಿ ಕೆಂಪಾಯಿತು. ರಸ್ತೆಯಲ್ಲಿ ಹಳ್ಳ ಬಂದಾಗಲೆಲ್ಲ ಒಂದೇ ಕುಂಡೆಯ ಮೇಲೆ ಕೂತು ಓಡಿಸುತ್ತಿದ್ದೆ. ಕೊನೆಗೊಂದು ದಿನ ಒಡೆದು, ರಕ್ತ ಬೆರೆತ ಕೀವು ಸೀಟಿಗೆ ಅಂಟಿತು.

ಆ ಭಾಗದಲ್ಲಿ ಏನೇ ಆದರೂ ಅದು ಮೂಲವ್ಯಾಧಿ, ಉಷ್ಣದಿಂದ ಬಂದದ್ದು ಎಂಬುದು ನಮ್ಮೂರಿನ ತೀರ್ಪು. ನೋಡುವ ಅಗತ್ಯವೂ ಇಲ್ಲ. ಪಕ್ಕದ ಮನೆಯ ಬಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಈ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ. ನೆಂಟರ ಬೀಗರೂಟದಲ್ಲಿ ಕೋಳಿಸಾರಿನ ಬಕೆಟ್ ನನ್ನ ಎಲೆಯ ಹತ್ತಿರ ಬಂದಾಗ ಬಡಿಸುವವನ ಕೈಯನ್ನು ಅವನು ತಡೆದ.

"ಅವನ್ಗೆ ಬೇಡ ಕಣ್ಲಾ. ಮೂಲವ್ಯಾಧಿ ಐತೆ. ಒಸಿ ಮಜ್ಗೆ ಬುಡು."

ಇಡೀ ಪಂಕ್ತಿ ತಿರುಗಿ ನೋಡಿತು. "ಪಾಪ, ಎಷ್ಟ್ ದಿನದಿಂದ?" ಎಂದು ಯಾರೋ ಕೇಳಿದರು. ಬಾವ ಅದಕ್ಕೂ ವಿವರವಾಗಿ ಉತ್ತರಿಸಿದ. ನಾನು ಮಜ್ಜಿಗೆ ಕುಡಿದೆ. ಗುಟುಕಿಗೊಂದು ಶಪಥ ಮಾಡಿದೆ.

ಮರುದಿನ ಕನಕಪುರದ ಡಾಕ್ಟರಮ್ಮ ನೋಡಿದರು. "ಇದು ಮೂಲವ್ಯಾಧಿ ಅಲ್ಲಪ್ಪ. ಅದಕ್ಕಿಂತ ಮೇಲಿದೆ. ಪೈಲೋನೈಡಲ್ ಸೈನಸ್ ಅಂತ. ಕೂತೂ ಕೂತೂ ಬೆವರು, ಉಜ್ಜಾಟ. ಉದುರಿದ ಕೂದಲು ಸೀಳಲ್ಲಿ ಚುಚ್ಕೊಂಡು ಚರ್ಮದೊಳಗೆ ಹೋಗುತ್ತೆ, ಅಲ್ಲಿ ಕೀವಾಗುತ್ತೆ. ಮೈಕೂದಲು ಜಾಸ್ತಿ ಇರೋ ಡ್ರೈವರ್‌ಗಳು ಬರ್ತಾನೇ ಇರ್ತಾರೆ."

"ಕೋಳಿ ತಿನ್ಬೋದಾ ಮೇಡಂ?"

"ಕೋಳಿಗೂ ಇದಕ್ಕೂ ಏನು ಸಂಬಂಧ?"

ಅದನ್ನೇ ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳಿದೆ. ಅವರು ಬರೆದುಕೊಟ್ಟದ್ದು ಆಪರೇಷನ್ನಿನ ತಾರೀಖನ್ನು.

ಕೊಯ್ದ ಗಾಯವನ್ನು ಹೊಲಿಯಲಿಲ್ಲ. ಒಳಗಿನಿಂದಲೇ ತುಂಬಿಕೊಂಡು ಬರಬೇಕಂತೆ. ದಿನಾ ತೊಳೆದು, ಹತ್ತಿಬಟ್ಟೆ ತುಂಬಿ, ಪಟ್ಟಿ ಹಾಕಬೇಕು. ಆ ಜಾಗ ನನ್ನ ಕಣ್ಣಿಗೆ ಕಾಣದು. ಹೆಂಡತಿಯ ಕೈಲಿ ಮಾಡಿಸೋಣವೆಂದರೆ, ಮನೆಯಲ್ಲಿ ರೇಷ್ಮೆಹುಳುಗಳು ಗೂಡು ಕಟ್ಟುವ ಮೊದಲಿನ ಕೊನೆಯ ಮೇವಿನಲ್ಲಿದ್ದವು.

"ಕೀವು ಮುಟ್ಟಿದ ಕೈಲಿ ಹುಳಕ್ಕೆ ಸೊಪ್ಪು ಹಾಕಕ್ಕಾಯ್ತದಾ? ಒಂದ್ಕೆ ರೋಗ ಬಂದ್ರೆ ಇಡೀ ಬೆಳೆ ಹೋಯ್ತದೆ," ಎಂದಳು.

ಆರೋಗ್ಯ ಕೇಂದ್ರದ ನರ್ಸ್ ಬರುತ್ತೇನೆಂದಿದ್ದರು. ಆ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ.

"ನಿಮ್ಮಣ್ಣನ್ನ ಕರಿ," ಎಂದೆ. "ಅವನ್ಗೆ ಈ ಕಾಯಿಲೆ ಚೆನ್ನಾಗ್ ಗೊತ್ತು."

ಹುಳುಗಳು ತಿನ್ನುತ್ತಿದ್ದ ಸೊಪ್ಪು ಬಾವನ ತೋಟದ್ದು, ಬೆಳೆ ಹೋದರೆ ಅವನಿಗೂ ನಷ್ಟ. ತಂಗಿಯ ಬೆಳೆಗೆ ಕೇಡಾಗಲಿ ಎನ್ನಲಾರ. ದಿನಾ ಬೆಳಿಗ್ಗೆ, ಊರಿನವರು ಡೈರಿಗೆ ಹಾಲು ಹಾಕಲು ಹೋಗುವ ಹೊತ್ತಿಗೆ ಸರಿಯಾಗಿ, ಜಗಲಿಯಲ್ಲಿ ನಿಂತು ಕೂಗುತ್ತಿದ್ದೆ:

"ಬಾವ, ಮೂಲವ್ಯಾಧಿ ಕಾಯ್ತಾ ಐತೆ, ಬಾ."

ಅವನು ಮೂಗಿಗೆ ಟವಲ್ ಕಟ್ಟಿಕೊಂಡು ಬರುತ್ತಿದ್ದ. ನಾನು ಬೋರಲು ಮಲಗಿ, ಡಾಕ್ಟರಮ್ಮ ಹೇಳಿದ ಕಾರಣಗಳನ್ನು ಪುರಾಣ ಓದುವವನಂತೆ ಪ್ರತಿದಿನ ಮೊದಲಿನಿಂದ ಹೇಳುತ್ತಿದ್ದೆ. ಗಾಯದ ಸುತ್ತ ಕೂದಲು ಬೋಳಿಸುತ್ತಿರಬೇಕೆಂಬ ಅಪ್ಪಣೆಯೂ ಇತ್ತು. ಅದನ್ನು ವಿಶೇಷ ಶ್ರದ್ಧೆಯಿಂದ ನೆನಪಿಸುತ್ತಿದ್ದೆ.

ಹುಳುಗಳು ಚಂದ್ರಿಕೆಯ ಬಿದಿರು ತಟ್ಟೆ ಏರಿ ಗೂಡು ಕಟ್ಟಿದವು, ಹೆಂಡತಿಯ ಕೈ ಬಿಡುವಾಯಿತು. ಅಣ್ಣನ ಕೈ ಪಳಗಿದೆ ಎಂದು ನಾನೇ ಅವಳನ್ನು ತಡೆದೆ.

"ತಪ್ಪಾಯ್ತು ಕಣಪ್ಪ, ಬುಟ್ಬುಡು," ಎಂದ ಬಾವ, ಕತ್ತರಿ ಕೆಳಗಿಡುತ್ತ.

"ಏನ್ ತಪ್ಪು?"

"ಅದು ಮೂಲವ್ಯಾಧಿ ಅಲ್ಲ."

"ನಂಗೊಬ್ಬನ್ಗೆ ಹೇಳಿದ್ರೆ ಏನ್ ಬಂತು? ಪಂಕ್ತೀಲಿ ಅಂದೋನು ಪಂಕ್ತೀಲೇ ಹೇಳು."

ಗಾಯ ಏಳು ವಾರಕ್ಕೆ ಮಾಯಿತು. ಮುಂದಿನ ಬೀಗರೂಟದಲ್ಲಿ ಬಾವ ಎದ್ದು ನಿಂತು, ಅದು ಮೂಲವ್ಯಾಧಿಯಲ್ಲ, ಕೂದಲು ಎಂದು ಹೇಳಿ ಕೂತ. ನನ್ನ ಎಲೆಗೆ ಎರಡು ಸಲ ಕೋಳಿ ಬಡಿಸಿದರು.