ಗೇಟಿನ ಹೊರಗೆ ಹೇಳಿದ ಮಾತು

ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿದ ಮೇಲೆ ಸಿಗುವ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಎಂಟು ವರ್ಷ ಟೈಲರ್ ಆಗಿದ್ದೆ. ಶರ್ಟಿಗೆ ಕಾಲರ್ ಕೂರಿಸುವುದು ನನ್ನ ಕೆಲಸ. ನನಗೆ ಮೂರ್ಛೆ ರೋಗವಿದೆ ಎಂಬುದನ್ನು ಆ ಎಂಟು ವರ್ಷವೂ ಮುಚ್ಚಿಟ್ಟಿದ್ದೆ. ಮದುವೆಯಾದ ಏಳನೇ ತಿಂಗಳಿಗೆ ಗಂಡನ ಮನೆಯವರು ಈ ಕಾರಣಕ್ಕೇ ನನ್ನನ್ನು ಕೆಂಗೇರಿ ಉಪನಗರದಲ್ಲಿದ್ದ ಅಮ್ಮನ ಮನೆಗೆ ತಂದು ಬಿಟ್ಟು ಹೋಗಿದ್ದರು. ಕೆಲಸವೂ ಹಾಗೇ ಹೋದರೆ ಎಂಬ ಭಯ.

ಕಾರ್ಖಾನೆಯಲ್ಲಿ ಇದು ಗೊತ್ತಿದ್ದದ್ದು ಒಬ್ಬರಿಗೇ, ನಮ್ಮ ಲೈನಿನ ಸೂಪರ್‌ವೈಸರ್‌ಗೆ. ನನಗಿಂತ ಹತ್ತು ವರ್ಷ ದೊಡ್ಡವರು. ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಒಮ್ಮೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನಾನು ಬಿದ್ದಾಗ ಅವರೊಬ್ಬರೇ ಇದ್ದರು. ಎಚ್ಚರವಾದಾಗ ನನ್ನ ತಲೆ ಅವರ ತೊಡೆಯ ಮೇಲಿತ್ತು. "ಬಿಪಿ ಲೋ ಆಗಿತ್ತು ಅಂತ ಹೇಳ್ತೀನಿ, ಏಳು" ಎಂದರು. ಆಮೇಲೆ ಆ ಮಾತನ್ನೇ ಎತ್ತಲಿಲ್ಲ.

ಕಳೆದ ವರ್ಷ ಕಾರ್ಖಾನೆಯವರು, ಕೆಲಸದ ಹೊತ್ತಿನಲ್ಲಿ ಕೂಸುಗಳನ್ನು ಬಿಡುತ್ತಿದ್ದ ಮಕ್ಕಳ ಕೋಣೆಯನ್ನು ಮುಚ್ಚಿ ಅಲ್ಲಿ ಬಟ್ಟೆಯ ರೋಲುಗಳನ್ನು ಪೇರಿಸಿದರು. ಎದೆಹಾಲು ಕುಡಿಯುವ ಕೂಸುಗಳನ್ನು ತಾಯಂದಿರು ಅಕ್ಕಪಕ್ಕದ ಮನೆಗಳಲ್ಲಿ ಬಿಟ್ಟು ಬರಬೇಕಾಯಿತು. ನನ್ನ ಪಕ್ಕದ ಮಿಷನ್ನಿನವಳಿಗೆ ಎಂಟು ತಿಂಗಳ ಮಗಳು. ಮಧ್ಯಾಹ್ನದ ಹೊತ್ತಿಗೆ ಅವಳ ರವಿಕೆ ಒದ್ದೆಯಾಗುತ್ತಿತ್ತು. ಊಟದ ಬೆಲ್ ಆದ ಕೂಡಲೇ ಶೌಚಾಲಯಕ್ಕೆ ಹೋಗಿ ಹಾಲು ಹಿಂಡಿ ಚೆಲ್ಲುತ್ತಿದ್ದಳು. ಬಾಗಿಲಿನ ಚಿಲಕ ಮುರಿದಿತ್ತು. ಹೊರಗೆ ನಾನು ಬಾಗಿಲು ಹಿಡಿದು ನಿಲ್ಲುತ್ತಿದ್ದೆ. ನಲ್ಲಿ ಬಿಟ್ಟ ಸದ್ದು ಕೇಳಿದರೆ ಮುಗಿಯಿತು ಎಂದು ಅರ್ಥ.

ಕೋಣೆ ಮತ್ತೆ ತೆರೆಯಿರಿ ಎಂದು ಅರ್ಜಿ ಕೊಟ್ಟು ಎರಡು ತಿಂಗಳು ಕಾದ ಮೇಲೆ, ಸೋಮವಾರದಿಂದ ಕೆಲಸ ನಿಲ್ಲಿಸಿ ಗೇಟಿನ ಹೊರಗೆ ಕೂರುವುದು ಎಂದು ಹೆಂಗಸರು ತೀರ್ಮಾನಿಸಿದರು. ಶನಿವಾರ ಅಕ್ಕ ನನ್ನನ್ನು ಇಸ್ತ್ರಿ ಟೇಬಲ್ಲಿನ ಹಿಂದೆ ಕರೆದರು.

"ನೀನು ಕೂರಲ್ಲ ತಾನೇ?"

"ಗೊತ್ತಿಲ್ಲ ಅಕ್ಕ."

"ನಿಂಗೆ ಮಗು ಇಲ್ಲ, ಮರಿ ಇಲ್ಲ. ನಿಂಗ್ಯಾಕೆ ಬೇಕು ಇದು? ನಾನು ಇಷ್ಟು ವರ್ಷ ಬಾಯಿ ಮುಚ್ಕೊಂಡಿದೀನಿ, ಅದನ್ನ ಮರೀಬೇಡ."

ಅದು ಬೆದರಿಕೆಯೋ, ಬಿಸಿಲಲ್ಲಿ ಕೂತರೆ ನಾನು ಬಿದ್ದುಬಿಡುತ್ತೇನೆಂಬ ಕಾಳಜಿಯೋ, ಇವತ್ತಿಗೂ ನನಗೆ ತಿಳಿದಿಲ್ಲ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತಾ, "ಆಯಮ್ಮನ ಋಣ ಇದೆ ನಿನ್ ಮೇಲೆ" ಎಂದಳಷ್ಟೇ.

ಸೋಮವಾರ ತಲೆ ತಗ್ಗಿಸಿಕೊಂಡು ಒಳಗೆ ಹೋದೆ. ಗೇಟಿನ ಮುಂದೆ ಕೂತವರು ಬೈಯಲಿಲ್ಲ, ಕಾಲು ಮಡಿಸಿ ದಾರಿ ಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಲೈನಿನಲ್ಲಿ ಹತ್ತು ಹನ್ನೆರಡು ಮಿಷನ್ನುಗಳಷ್ಟೇ ಓಡುತ್ತಿದ್ದವು. ಊಟದ ಬೆಲ್ ಆಯಿತು. ಅಭ್ಯಾಸಬಲದಿಂದ ಎದ್ದು ಶೌಚಾಲಯದ ಬಾಗಿಲ ತನಕ ಹೋದೆ. ಒಳಗೆ ಯಾರೂ ಇರಲಿಲ್ಲ. ಅಲ್ಲಿಂದ ವಾಪಸ್ ಮಿಷನ್ನಿಗೆ ಹೋಗಲು ಕಾಲು ಬರಲಿಲ್ಲ. ಊಟದ ಡಬ್ಬಿ ಎತ್ತಿಕೊಂಡು ಹೊರಗೆ ನಡೆದೆ. ಅಕ್ಕ ನೋಡುತ್ತಿದ್ದರು, ತಡೆಯಲಿಲ್ಲ.

ಪಕ್ಕದ ಮಿಷನ್ನಿನವಳು ಜರುಗಿ ಜಾಗ ಕೊಟ್ಟಳು. ಮಗಳನ್ನೂ ಕರೆತಂದಿದ್ದಳು. ಮಗು ತೆವಳಿಕೊಂಡು ನನ್ನ ಮಡಿಲಿಗೆ ಬಂತು. ಹೇಳದೆ ಕೂರುವುದು ತಪ್ಪೆನಿಸಿತು.

"ನಂಗೆ ಫಿಟ್ಸ್ ಬರುತ್ತೆ ಕಣೇ. ಚಿಕ್ಕಂದಿನಿಂದ್ಲೂ."

ಅವಳು ಮಗುವನ್ನು ಮೆಲ್ಲಗೆ ನನ್ನ ಮಡಿಲಿಂದ ಎತ್ತಿ ತನ್ನ ಆಚೆ ಬದಿಗೆ ಕೂರಿಸಿಕೊಂಡಳು. ಎದ್ದು ಹೋಗಿಬಿಡಲೇ ಎಂದುಕೊಂಡೆ. ಆಮೇಲೆ ಅವಳು ರಸ್ತೆಯ ಕಡೆ ನೋಡುತ್ತಲೇ ಕೇಳಿದಳು:

"ಬಂದ್ರೆ ಏನ್ ಮಾಡ್ಬೇಕು, ಹೇಳು."

"ಒಂದು ಪಕ್ಕಕ್ಕೆ ಮಲಗ್ಸು. ಬಾಯಿಗೆ ಏನೂ ಹಾಕ್ಬೇಡ. ಕೈಕಾಲು ಒತ್ತಿ ಹಿಡೀಬೇಡ. ತಾನೇ ನಿಲ್ಲುತ್ತೆ."

"ಅಷ್ಟೇನಾ?"

"ಅಷ್ಟೇ."

ಮೂರನೆಯ ದಿನ ಫಿಟ್ಸ್ ಬಂದೇಬಿಟ್ಟಿತು. ನನಗೆ ನೆನಪಿರುವುದು ಬಿಸಿಲು, ಘೋಷಣೆ, ಆಮೇಲೆ ಮಣ್ಣಿನ ವಾಸನೆ. ಎಚ್ಚರವಾದಾಗ ಹೆಂಗಸರು ದುಪಟ್ಟಾ, ಸೆರಗು ಹಿಡಿದು ಸುತ್ತ ಮರೆಯಾಗಿ ನಿಂತಿದ್ದರು. ನನ್ನ ಸೀರೆ ಒದ್ದೆಯಾಗಿತ್ತು. ಯಾರೋ ಕೈಗೆ ಬೀಗದ ಕೈ ಕೊಡಲು ಬಂದರಂತೆ. ಪಕ್ಕದ ಮಿಷನ್ನಿನವಳು "ಅದೆಲ್ಲ ಬೇಡ, ಗಾಳಿ ಬಿಡ್ರೇ ಮೊದ್ಲು" ಎಂದು ಕೂಗಾಡಿ ನನ್ನನ್ನು ಪಕ್ಕಕ್ಕೆ ಮಲಗಿಸಿದಳಂತೆ. ಗೇಟಿನ ಒಳಗಿಂದ ಆಫೀಸಿನವರೆಲ್ಲ ನೋಡಿದ್ದರು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

ಏಳನೆಯ ದಿನ ಮಾತುಕತೆಯಾಯಿತು. ಮಕ್ಕಳ ಕೋಣೆ ಮತ್ತೆ ತೆರೆಯಿತು, ಮೊದಲಿದ್ದ ಇಬ್ಬರು ಆಯಾಗಳ ಬದಲು ಒಬ್ಬರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ; ಮಿಷನ್ನಿನಿಂದ ತೆಗೆದರು. ಸೂಜಿಗೆ ಕೈ ಸಿಕ್ಕಿದರೆ ಯಾರು ಹೊಣೆ ಎಂದರು. ಮಾತಿನಲ್ಲಿ ಸುಳ್ಳಿಲ್ಲದ್ದರಿಂದ ಎದುರಾಡಲಾಗಲಿಲ್ಲ. ಈಗ ಹೊಲಿದು ಬಂದ ಶರ್ಟುಗಳ ಉಳಿಕೆ ದಾರ ಕತ್ತರಿಸುತ್ತಾ ದಿನವಿಡೀ ನಿಂತಿರುತ್ತೇನೆ. ಕಾಲರ್ ಕೂರಿಸಿದ ಕೈಗೆ ಅದು ಕೆಲಸವೇ ಅಲ್ಲ. ಕೆಲವು ದಿನ, ಅಂದು ಒಳಗೇ ಕೂತಿದ್ದರೆ ಎಂದು ಅನಿಸುವುದೂ ಉಂಟು. ಅಕ್ಕ ಎದುರಾದರೆ "ಊಟ ಆಯ್ತಾ?" ಎನ್ನುತ್ತಾರೆ. ಆಯ್ತಕ್ಕ ಎನ್ನುತ್ತೇನೆ. ಮಾತು ಅದಕ್ಕಿಂತ ಮುಂದೆ ಹೋಗುವುದಿಲ್ಲ.

ಔಷಧಿ ಬದಲಿಸಿದ ಮೇಲೆ ಆರು ತಿಂಗಳಿಂದ ಬಿದ್ದಿಲ್ಲವೆಂದು ಡಾಕ್ಟರಿಂದ ಬರೆಸಿಕೊಂಡು, ಮಿಷನ್ ವಾಪಸ್ ಕೊಡಿ ಎಂದು ಅರ್ಜಿ ಹಾಕಿದ್ದೇನೆ. ನನ್ನ ಸಹಿಯ ಕೆಳಗೆ ಲೈನಿನ ಇಪ್ಪತ್ತೊಂದು ಜನರ ಸಹಿ ಇದೆ. ಅಕ್ಕನದು ಇಲ್ಲ, ನಾನು ಕೇಳಲೂ ಇಲ್ಲ. ಉತ್ತರ ಇನ್ನೂ ಬಂದಿಲ್ಲ.