ತಡಿಕೆಯೊಳಗಿನ ದಾಸರು

ಹರಿಕಥೆಯ ದಾಸರು ಬಾಯಿ ತೆರೆದರೆ ಕಿರುನಾಲಗೆ ಕಾಣುತ್ತಿತ್ತು, ಕತ್ತಿನ ನರಗಳು ಹಗ್ಗದಂತೆ ಉಬ್ಬುತ್ತಿದ್ದವು. ಅಂಥ ಗಂಟಲನ್ನು ನಾನು ಮತ್ತೆಲ್ಲೂ ಕೇಳಲಿಲ್ಲ. ಮುಳಬಾಗಿಲ ಕಡೆಯಿಂದ ಬಂದು ನಮ್ಮ ಕೋಲಾರದಲ್ಲಿ ನೆಲೆಸಿದ್ದ ಈ ಪುಣ್ಯಾತ್ಮರಿಗೆ ದೇವರ ಮೇಲಿದ್ದಷ್ಟೇ ಪ್ರೀತಿ ಫುಟ್‌ಬಾಲಿನ ಮೇಲೂ ಇತ್ತು ಎಂದರೆ ಯಾರು ನಂಬುತ್ತಾರೆ!

ಮೊದಲೆಲ್ಲ ಪಂದ್ಯವನ್ನು ಯಾರು ಬೇಕಾದರೂ ನಿಂತು ನೋಡಬಹುದಿತ್ತು. ಬೆಂಗಳೂರಿನಿಂದ ಸಂಬಳದ ಆಟಗಾರರ ತಂಡಗಳನ್ನು ಕರೆಸತೊಡಗಿದ ಮೇಲೆ ಖರ್ಚು ಹೆಚ್ಚಿತು, ಬಯಲಿನ ಸುತ್ತ ಎತ್ತರದ ಬಿದಿರು ತಡಿಕೆ ಎದ್ದಿತು, ಟಿಕೆಟ್ಟೂ ಬಂತು. ಯುದ್ಧದ ವರ್ಷಗಳಲ್ಲಿ ಅದು ಎರಡಾಣೆಯಿಂದ ಎಂಟಾಣೆಗೆ ಹಾರಿತು. ನನ್ನ ತಮ್ಮ ನಮ್ಮೂರ ತಂಡದ ಗೋಲ್‌ಕೀಪರ್ ಆದದ್ದೇ ಆಗ. ಒಡಹುಟ್ಟಿದವನ ಆಟ ನೋಡಲು ನನಗೇ ಗತಿಯಿಲ್ಲ. ಹೊಟ್ಟೆ ಉರಿಯದೆ ಇರುತ್ತದೆಯೇ?

ಕೊನೆಗೆ ಬೀದಿಯವರೆಲ್ಲ ಕಾಸು ಸೇರಿಸಿ, ಒಂದೇ ಒಂದು ಟಿಕೆಟ್ ಕೊಂಡು, ದಾಸರನ್ನು ಒಳಗೆ ಕಳಿಸುವುದು ರೂಢಿಯಾಯಿತು. ಅವರು ತಡಿಕೆಗೆ ಒರಗಿ ನಿಂತು, ಕಂಡದ್ದನ್ನೆಲ್ಲ ಹರಿಕಥೆಯ ಧಾಟಿಯಲ್ಲಿ ಆಚೆಗಿದ್ದ ನಮಗೆ ಕೂಗಿ ಹೇಳುತ್ತಿದ್ದರು. "ಬಂದನಯ್ಯಾ ಬಂದ, ಬೆಂಗಳೂರಿನ ಲಂಬೂ ಬಂದ! ಒದ್ದ! ಅಬ್ಬಬ್ಬಾ, ಹಿಡಿದುಬಿಟ್ಟ ಕಣಮ್ಮಾ ನಿನ್ ತಮ್ಮ!"

ಫೈನಲ್ಲಿನ ದಿನ ಪಂದ್ಯದ ಕಮಿಟಿಯವರೊಬ್ಬರು ಅವರನ್ನು ಬಾಗಿಲಲ್ಲೇ ಅಡ್ಡಗಟ್ಟಿದರು.

"ನಿಮ್ಮಿಂದ ಟಿಕೆಟ್ಟೇ ಖರ್ಚಾಗ್ತಿಲ್ಲ ದಾಸರೇ. ಬಾಯಿ ಬಿಡಲ್ಲ ಅಂತ ಮಾತು ಕೊಟ್ರೆ ಒಳಗೆ ಬಿಡ್ತೀವಿ."

"ಆಯ್ತು ಸ್ವಾಮಿ, ಬಾಯಿ ಬಿಡಲ್ಲ," ಎಂದು ದಾಸರು ಒಳಗೆ ಹೋಗಿಬಿಟ್ಟರು. ನನಗೆ ಅಳುವೇ ಬಂತು. ಇವರೂ ಹೀಗೆ ಮಾಡುವುದೇ!

ಆಟ ಶುರುವಾದದ್ದೇ ತಡ, ತಡಿಕೆಯಾಚೆಯಿಂದ ಚಿಟಿಕೆ ನುಡಿಯಿತು. ಕಥೆ ಹೇಳುವಾಗ ಅವರು ಬೆರಳಲ್ಲಿ ಆಡಿಸುವ ಮರದ ಚಿಟಿಕೆ. ಚೆಂಡು ನಮ್ಮವರ ಕಾಲಲ್ಲಿದ್ದರೆ ಬಾಲಕೃಷ್ಣ ಕುಣಿದು ಬರುವ ನಡೆ, ಎದುರಾಳಿಗಳು ನುಗ್ಗಿದರೆ ಕುರುಕ್ಷೇತ್ರದ ಬಿರುಸು. ವರ್ಷಗಟ್ಟಲೆ ಅವರ ಕಥೆ ಕೇಳಿದ್ದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ನಮ್ಮವರು ಒಂದು ಗೋಲು ಹೊಡೆದರು. ಆಟ ಮುಗಿಯುವ ಹೊತ್ತಿಗೆ ಕುರುಕ್ಷೇತ್ರ ಏರಿ ಏರಿ ಥಟ್ಟನೆ ನಿಂತಿತು. ಒಳಗೂ ಸದ್ದಿಲ್ಲ.

"ಪೋಯಿಂದಿ, ಹೋಯ್ತು ಎಲ್ಲಾ," ಎಂದು ಪಕ್ಕದ ಮನೆಯಜ್ಜಿ ತಲೆಯ ಮೇಲೆ ಕೈ ಹೊತ್ತರು.

"ಪೆನಾಲ್ಟಿ ಇರ್ಬೇಕು, ಸುಮ್ನಿರಜ್ಜಿ," ಎಂದರು ಯಾರೋ.

ನಾನು ತಡಿಕೆ ಹಿಡಿದುಕೊಂಡು ನಿಂತೆ. ಆಗ ಚಿಟಿಕೆ ಮೊಳಗಿತು, ಕಥೆ ಮುಗಿಸಿ ಮಂಗಳ ಹಾಡುವ ನಡೆಯಲ್ಲಿ! ನನ್ನ ತಮ್ಮ ಚೆಂಡು ತಡೆದಿದ್ದ. ಆಚೆ ನಾವು, ಒಳಗೆ ಟಿಕೆಟ್ ಕೊಂಡ ಜನ, ಒಂದೇ ಸಲ ಕೇಕೆ ಹಾಕಿದೆವು.

ಕಮಿಟಿಯವರು ದಾಸರ ಮೇಲೆ ಹಾರಾಡಿದರು. "ಬಾಯಿ ಬಿಟ್ಟಿದ್ದು ಯಾರಾದ್ರೂ ನೋಡಿದ್ರಾ ಸ್ವಾಮಿ?" ಎಂದು ಇವರು ಶಲ್ಯ ಕೊಡವಿ ಆಚೆ ಬಂದರು.

ಮುಂದೆ ದಾಸರು ತೀರಿಕೊಂಡಾಗ ನನ್ನ ತಮ್ಮ ಅವರ ಚಟ್ಟಕ್ಕೆ ಹೆಗಲು ಕೊಟ್ಟ. ಆಮೇಲೆ ಅವನೂ ಬೆಂಗಳೂರಿನ ತಂಡ ಸೇರಿದ. ಒಮ್ಮೆ ನನ್ನನ್ನು ಕರೆಸಿ ಮುಂದಿನ ಕುರ್ಚಿಯಲ್ಲಿ ಕೂರಿಸಿದ. ಅವನು ಹಾರಿ ಚೆಂಡು ಹಿಡಿಯುವುದನ್ನು ಅವತ್ತೇ ನಾನು ಮೊದಲ ಸಲ ಕಣ್ಣಾರೆ ಕಂಡದ್ದು.

"ಹೇಗಿತ್ತಕ್ಕಾ?" ಎಂದು ಓಡಿಬಂದು ಕೇಳಿದ.

"ಇದನ್ನೆಲ್ಲ ನಾನು ಆಗ್ಲೇ ನೋಡಿದ್ದೆ ಕಣೋ," ಎಂದೆ.